ಫ್ರಿಜ್ಜಿಗೆ ಗಡಿಯಾರ ಕೂರಿಸಿದ ಮಳೆಗಾಲ

ಶ್ರಾವಣದ ಮೊದಲ ಮಂಗಳವಾರ, ಬೆಳಗಿನ ಹತ್ತು ಗಂಟೆ. ಸ್ಥಳ, ಛತ್ರಪತಿ ಸಂಭಾಜಿನಗರದ ಹೊರಗೆ ಏಳುತ್ತಿದ್ದ ಬಹುಮಹಡಿ ಮನೆಗಳ ಸೈಟಿನ ಹಿಂದಿನ ತಗಡಿನ ಚಿಕಿತ್ಸಾಲಯ. ಹಾಜರಿದ್ದವರು: ಚಿಕಿತ್ಸಾಲಯ ನಡೆಸುವ ನಲಿನಿ ಡಾಕ್ಟರು, ನರ್ಸ್ ಮಹಾದೇವಿ, ತಪಾಸಣೆಗೆ ಬಂದ ಆರೋಗ್ಯ ಕಚೇರಿಯ ಸಾಹೇಬರು, ಮತ್ತು ನಾನು.

ಸಾಹೇಬರು ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟರು. ಒಂದು, ಮಹಾದೇವಿ ಬೆಳಗ್ಗೆ ಸಂಜೆ ಲಸಿಕೆ ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಕೈಯಲ್ಲಿ ಬರೆದದ್ದು. ಇನ್ನೊಂದು, ಫ್ರಿಜ್ಜಿನ ತಲೆಯ ಮೇಲೆ ಕೂತಿದ್ದ ಪುಟ್ಟ ಯಂತ್ರ ತಾನಾಗಿ ದಾಖಲಿಸಿಕೊಂಡದ್ದು. ಒಂದೇ ದಿನ, ಒಂದೇ ಹೊತ್ತು. ಮಹಾದೇವಿಯ ಹಾಳೆಯಲ್ಲಿ ನಾಲ್ಕು ಡಿಗ್ರಿ, ಯಂತ್ರದ ಹಾಳೆಯಲ್ಲಿ ಹನ್ನೊಂದು. ಎಂಟು ದಾಟಿದರೆ ಲಸಿಕೆ ಕೆಡುತ್ತದೆ.

"ಇವರು ನೋಡದೆ ಬರೆಯುತ್ತಾರೆ," ಎಂದರು ಸಾಹೇಬರು ಮರಾಠಿಯಲ್ಲಿ, ಹವಾಮಾನ ಹೇಳಿದಷ್ಟು ಸಹಜವಾಗಿ.

ಮಹಾದೇವಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆ ಹೊತ್ತಿಗೆ ಮಾತ್ರ ಕೈಕೊಟ್ಟಿತು. "ಇಲ್ರೀ ಸಾಹೇಬ್ರ, ಅವತ್ತ ಮುಂಜಾನಿ ನಾ ಬರದ ಮ್ಯಾಲ ಲೈಟ್ ಹೋದ್ವು. ಮಧ್ಯಾಹ್ನದ ತನಕ ಬರಲಿಲ್ಲ. ಲಸಿಕಿ ಅಷ್ಟೂ ಬರ್ಫಿನ ಡಬ್ಬಿ, ಆ ಐಸ್ ಪೆಟ್ಟಿಗಿಗೆ ಹಾಕಿ ಅದರ ಮುಂದನ ಕುಂತಿದ್ದೆ. ಊಟಕ್ಕೂ ಎದ್ದಿಲ್ರಿ."

ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಸಾಹೇಬರು ಯಂತ್ರದ ಹಾಳೆಯ ಮೇಲೆ ಪೆನ್ನು ಇಳಿಸುತ್ತಾ ಹೋದರು. "ಲೈಟ್ ಹೋಗಿದ್ದರೆ ಯಂತ್ರವೂ ಆರಬೇಕಿತ್ತು. ಇಲ್ಲಿ ಎಲ್ಲೂ ಬಿಡುವಿಲ್ಲ. ಐದೈದು ನಿಮಿಷಕ್ಕೆ ಬರೆದುಕೊಂಡೇ ಇದೆ."

ಭೇಟಿಯ ಪುಸ್ತಕದಲ್ಲಿ ಅವರು 'ಕೈಬರಹದ ದಾಖಲೆ ನಂಬಲು ಯೋಗ್ಯವಲ್ಲ' ಎಂದು ಬರೆದು, ಇದ್ದ ಲಸಿಕೆಯನ್ನೆಲ್ಲ ಜೀಪಿಗೆ ಹಾಕಿಸಿಕೊಂಡರು. ದಸರೆಯ ಮುಂಚೆ ಮತ್ತೆ ಬರುವುದಾಗಿಯೂ, ಆಗಲೂ ಎರಡು ಹಾಳೆ ಹೊಂದದಿದ್ದರೆ ಇಲ್ಲಿ ಲಸಿಕೆ ಇಡುವ ಅನುಮತಿ ರದ್ದಾಗುವುದಾಗಿಯೂ ಹೇಳಿದರು. ಅಲ್ಲಿಯವರೆಗೆ ಡಾಕ್ಟರರ ಸ್ವಂತ ಜವಾಬ್ದಾರಿಯ ಮೇಲೆ ಸ್ವಲ್ಪ ಸ್ವಲ್ಪ ಕೊಡಲು ಒಪ್ಪಿದರು. ಹೊರಗೆ ಕೂಸು ಎತ್ತಿಕೊಂಡು ಸಾಲಾಗಿ ಕೂತಿದ್ದ ಹೆಂಗಸರಿಗೆ "ಇವತ್ತ ಇಲ್ಲವ್ವ, ನಡೀರಿ" ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೊನ್ನೆ ನಾಸಿಕದಲ್ಲಿ, ಸಾತಪುರದ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಮಳೆಗೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ಹೊಗೆ ಮೂಗಿಗೆ ಬಡಿದದ್ದೇ, ಎರಡು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಎದುರಿಗೆ ಬಂದು ನಿಂತಿತು.

ನಾನು ಗದಗಿನವಳು. ಅಪ್ರೆಂಟಿಸ್ ಆಗಿ ಸೇರಿ, ನಿವೃತ್ತಿಯವರೆಗೂ ಓಝರ್ ಬಳಿಯ ವಿಮಾನ ಕಾರ್ಖಾನೆಯ ಉಪಕರಣ ವಿಭಾಗದಲ್ಲಿ ದುಡಿದೆ. ವಿಮಾನದ ಮೀಟರುಗಳನ್ನು ಬಿಚ್ಚಿ, ಸರಿಮಾಡಿ, ಪರೀಕ್ಷಿಸಿ ಮುದ್ರೆ ಒತ್ತುವುದು ನಮ್ಮ ಕೆಲಸ. ನಲಿನಿ ಡಾಕ್ಟರು ಹಳೆಯ ಪರಿಚಯ. ಆ ಸೈಟಿನ ಕೂಲಿಗಳೆಲ್ಲ ಯಾದಗಿರಿ, ಕಲಬುರಗಿ ಕಡೆಯವರು. ಹೊಸದಾಗಿ ಬಂದ ತಾಯಂದಿರಿಗೆ ಕನ್ನಡ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಎರಡೂ ಭಾಷೆ ಬಲ್ಲ ಮಹಾದೇವಿಗೆ ಸೂಜಿಯ ಕೆಲಸದಿಂದ ಪುರುಸೊತ್ತಿರಲಿಲ್ಲ. "ಸುಮಿತ್ರಾಬಾಯಿ, ಒಂದು ವಾರ ಬಂದು ನನ್ನ ಮಾತು ಅವರಿಗೆ, ಅವರ ಮಾತು ನನಗೆ ಮುಟ್ಟಿಸಿ ಕೊಡಿ," ಎಂದು ಫೋನ್ ಮಾಡಿದ್ದರು. ಚೀಲಕ್ಕೆ ಎರಡು ಜೊತೆ ಸೀರೆ ಹಾಕಿಕೊಂಡು ಹೋದವಳು ದಸರೆ ಮುಗಿಸಿ ಬಂದೆ.

ಸಾಹೇಬರ ಜೀಪು ಹೋದ ಮೇಲೆ ಡಾಕ್ಟರು ಮಹಾದೇವಿಯನ್ನು ಬಯ್ಯಲಿಲ್ಲ. ಆದರೆ ಆ ಸಂಜೆಯಿಂದ ಹೊಸ ಪದ್ಧತಿ ಶುರುವಾಯಿತು. ಮಹಾದೇವಿ ಥರ್ಮಾಮೀಟರ್ ನೋಡಿ ಅಂಕಿ ಹೇಳಿದ ಮೇಲೆ ಡಾಕ್ಟರು ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ತಾವೂ ನೋಡುತ್ತಿದ್ದರು. ನೋಡಿ "ಹೂಂ" ಅನ್ನುತ್ತಿದ್ದರು. ಆ ಮೇಲೆಯೇ ಮಹಾದೇವಿ ಬರೆಯುವುದು.

"ಸಾಹೇಬರು ಬೈದದ್ದು ಮಳಿ ಬಂದು ಹ್ವಾದಂಗ ರೀ," ಎಂದಳು ಆಕೆ ನನ್ನ ಬಳಿ. "ಡಾಕ್ಟರ್ ಬಾಯಾರು ಬಗ್ಗಿ ನೋಡ್ತಾರಲ್ಲ, ಅದು ಸೋರೋ ತಗಡಿದ್ದಂಗ. ದಿನಾ ಎರಡ ಸಲ."

ಎಂಟು ವರ್ಷದ ಕೆಲಸದಲ್ಲಿ ಆಕೆ ಒಂದು ಸೂಜಿಯ ಲೆಕ್ಕ ತಪ್ಪಿಸಿದ್ದಿಲ್ಲ ಎಂದು ಡಾಕ್ಟರೇ ನನಗೆ ಹೇಳಿದ್ದರು. ಈಗ ಅದೇ ಡಾಕ್ಟರು ಬಗ್ಗಿ ನೋಡುತ್ತಿದ್ದರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಎದುರು ಎಂಟು ವರ್ಷ ನಿಲ್ಲಲಿಲ್ಲ. ನನಗೆ ಯಂತ್ರಗಳು ಹೇಳಿದ ಸುಳ್ಳು ಸಾಕಷ್ಟು ಗೊತ್ತು. ಅವನ್ನು ಹಿಡಿದೇ ಸಂಬಳ ತಿಂದವಳು ನಾನು.

ಮರುದಿನ ಬೆಳಗ್ಗೆ ಫ್ರಿಜ್ಜಿನಲ್ಲಿ ಏನೂ ಇರಲಿಲ್ಲ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಯಂತ್ರದ ಪೆಟ್ಟಿಗೆಯ ಮೇಲಿನ ಪುಟ್ಟ ಪರದೆಯಲ್ಲಿ ವೇಳೆ ಕಾಣುತ್ತಿತ್ತು. ನನ್ನ ಕೈಗಡಿಯಾರದ ಜೊತೆ ತಾಳೆ ನೋಡಿದೆ. ಆಗಲೇ ಕೆಲವು ಗಂಟೆ ಹಿಂದಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮೇನ್ ಸ್ವಿಚ್ ಆರಿಸಿದೆ.

"ಈಗ ಏನ್ ಮಾಡೋದ್ರಿ ಅಕ್ಕಾರ?"

"ಚಾ ಮಾಡು. ಕುಡದು ಅಂಗಳ ಗುಡಿಸು. ಆಮ್ಯಾಲ ನೋಡೂಣು."

ಚಹಾ ಆಯಿತು, ಅಂಗಳ ಆಯಿತು, ಹೊದಿಕೆಗಳನ್ನು ಒಗೆದು ಹಾಕಿದ್ದೂ ಆಯಿತು. ಸ್ವಿಚ್ ಹಾಕಿದೆ. ಯಂತ್ರ ಎದ್ದಿತು. ಪರದೆಯ ಮೇಲೆ ಬಂದ ವೇಳೆ, ನಾನು ಆರಿಸಿದಾಗ ಇದ್ದದ್ದೇ. ನಡುವೆ ಚಹಾವೂ ಕುಡಿದಿಲ್ಲ, ಬಟ್ಟೆಯೂ ಒಗೆದಿಲ್ಲ ಎನ್ನುವಂತೆ ಅಲ್ಲಿಂದಲೇ ಮುಂದಕ್ಕೆ ಎಣಿಸತೊಡಗಿತು.

ಮಹಾದೇವಿ ಪರದೆಯನ್ನೂ ನನ್ನ ಮುಖವನ್ನೂ ನೋಡಿದಳು. ಅರ್ಥವಾದಾಗ ಸೊಂಟದ ಮೇಲೆ ಕೈ ಇಟ್ಟಳು. "ಅಯ್ಯ ಇದರ ಹೊಟ್ಟಿ ಉರಿಲಿ! ಇದಕ್ಕ ನಿದ್ದಿ ಹತ್ತೇದ. ಕೆಟ್ಟ ಹೆಸರು ನನಗ ಬಂದದ!"

ಆದದ್ದು ಇಷ್ಟೇ. ಅಂದು ಬೆಳಗ್ಗೆ ಆಕೆ ನಾಲ್ಕು ಎಂದು ಬರೆದ ಬೆನ್ನಿಗೇ ಲೈಟ್ ಹೋಯಿತು, ಯಂತ್ರ ಆರಿತು. ಮಧ್ಯಾಹ್ನ ಲೈಟ್ ಬಂದಾಗ ಖಾಲಿ ಫ್ರಿಜ್ಜು ಹನ್ನೊಂದಕ್ಕೇರಿತ್ತು. ಎದ್ದ ಯಂತ್ರಕ್ಕೆ ಇನ್ನೂ ಬೆಳಗು. ಮಧ್ಯಾಹ್ನದ ಹನ್ನೊಂದನ್ನು ಅದು ಬೆಳಗಿನ ಲೆಕ್ಕಕ್ಕೆ ಬರೆದುಕೊಂಡಿತು. ತಾನು ಆರಿದ್ದೇ ತಿಳಿಯದ ಕಾರಣ ಹಾಳೆಯಲ್ಲಿ ಬಿಡುವೂ ಕಾಣಲಿಲ್ಲ.

ಯಂತ್ರ ಕಟ್ಟಿಕೊಟ್ಟವನು ಅಮೇಯ, ಡಾಕ್ಟರರ ತಂಗಿಯ ಮಗ, ಪುಣೆಯಲ್ಲಿ ಎಂಜಿನಿಯರ್. ನನ್ನನ್ನು ಚಿಕ್ಕಮ್ಮನೆಂದು ಮರಾಠಿಯಲ್ಲಿ 'ಕಾಕೂ' ಎನ್ನುತ್ತಿದ್ದ. ಫೋನ್ ಹಚ್ಚಿದೆ.

"ಕಾಕೂ, ಸಾಧ್ಯವೇ ಇಲ್ಲ. ನಮ್ಮ ಮನೆಯಲ್ಲಿ ಒಂದು ತಿಂಗಳು ಇಟ್ಟು ನೋಡಿದ್ದೇನೆ. ಒಂದು ಸೆಕೆಂಡ್ ಕೂಡ ಹೆಚ್ಚುಕಡಿಮೆ ಆಗಿಲ್ಲ."

"ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯೇನಪ್ಪ?"

ಆ ಕಡೆಯಿಂದ ಮೆಲ್ಲಗೆ, "ಅರೇ ದೇವಾ," ಎಂದ.

ಅವನು ವಿವರಿಸಿದ. ಪೆಟ್ಟಿಗೆಯೊಳಗಿನ ಕಂಪ್ಯೂಟರ್ ಅಂಗೈಯಷ್ಟಗಲದ ಒಂದೇ ಬೋರ್ಡು. ಅಗ್ಗ, ಚುರುಕು, ಆದರೆ ಸ್ವಂತ ಗಡಿಯಾರವಿಲ್ಲ. ಎದ್ದ ಕೂಡಲೇ ಇಂಟರ್ನೆಟ್ಟಿನಲ್ಲಿ ಗಂಟೆ ಎಷ್ಟೆಂದು ಕೇಳಿಕೊಳ್ಳುತ್ತದೆ. ಸಿಗದಿದ್ದರೆ ಆರುವ ಮುನ್ನ ಕೊನೆಗೆ ಗುರುತಿಟ್ಟುಕೊಂಡ ವೇಳೆಯನ್ನೇ ನಿಜವೆಂದುಕೊಂಡು ನಡೆಯುತ್ತದೆ. ನಮ್ಮ ತಗಡಿನ ಕೋಣೆಯಲ್ಲಿ ಫೋನ್ ಮಾತಿಗೇ ಬಾಗಿಲಿಗೆ ಬರಬೇಕು, ಇಂಟರ್ನೆಟ್ ಎಲ್ಲಿಯದು? ಲೈಟ್ ಹೋದಾಗಲೆಲ್ಲ ಯಂತ್ರ ಹಿಂದೆ ಬೀಳುತ್ತಿತ್ತು. ಹಾಳೆ ತೆಗೆಯಲು ಅಮೇಯ ಬಂದು ತನ್ನ ಫೋನಿನ ಇಂಟರ್ನೆಟ್ ಜೋಡಿಸಿದಾಗ ಸರಿಹೋಗುತ್ತಿತ್ತು. ಹಾಗಾಗಿ ಅವನ ಕಣ್ಣಿಗೆ ಅದು ತಪ್ಪಿದ್ದು ಎಂದೂ ಬಿದ್ದಿರಲಿಲ್ಲ.

"ಸಿಮ್ ಹಾಕುವ ಡಾಂಗಲ್ ಕಳಿಸುತ್ತೇನೆ, ಕಾಕೂ."

"ಬೇಡ. ಇಲ್ಲಿ ಲೈಟ್ ಹೋದರೆ ಟವರೂ ಹೋಗುತ್ತದೆ. ಅದಕ್ಕೆ ಅದರದೇ ಗಡಿಯಾರ ಬೇಕು. ಸೆಲ್ ಇರುವಂಥದ್ದು."

"ಚಿಕ್ಕ ಮಾಡ್ಯೂಲ್ ಸಿಗುತ್ತದೆ. ಆದರೆ ನಾನು ಬರಲು ದೀಪಾವಳಿ ಆಗುತ್ತದೆ."

"ನೀನು ಬರುವುದು ಬೇಡ. ಏನೇನು ಮಾಡಬೇಕೋ ಕ್ರಮವಾಗಿ ಹೇಳು. ನಾನು ಮಾಡುತ್ತೇನೆ."

"ಕಾಕೂ, ಅದು ಲಿನಕ್ಸ್..."

"ಮತ್ತು ನಾನು ಸುಮಿತ್ರಾ. ಹೇಳು."

ಅವನು ನಗುತ್ತಲೇ ಹೇಳಿದ, ನಾನು ಬರೆದುಕೊಂಡೆ. ಸಾಲು ಓದಿ ಒಪ್ಪಿಸಿದೆ. ಎರಡು ಕಡೆ ತಿದ್ದಿದ.

ಶನಿವಾರದ ಎಸ್‌ಟಿ ಬಸ್ಸಿಗೆ ನಾಸಿಕಕ್ಕೆ ಹೊರಟೆ. ಯೇವಲಾ ದಾಟುವಾಗ ಮಳೆ ಹಿಡಿಯಿತು. ನಿಫಾಡದ ಉದ್ದಕ್ಕೂ ದ್ರಾಕ್ಷಿ ಚಪ್ಪರಗಳು ಹಸಿರು ಹೊದ್ದು, ದಸರೆ ಮುಗಿದ ಮೇಲೆ ಬಳ್ಳಿ ಸವರುವ ಕತ್ತರಿಗೆ ಕಾಯುತ್ತಿದ್ದವು. ಕಾರ್ಖಾನೆಯಲ್ಲಿದ್ದಾಗ ದಿನಾ ನೋಡಿದ ಕಡೆಯೇ. ಈ ಸಲ ಕಿಟಕಿಯಾಚೆ ನೋಡುವ ಮನಸ್ಸಿರಲಿಲ್ಲ, ಅಮೇಯನ ಸಾಲುಗಳನ್ನು ಬಾಯಿಪಾಠ ಮಾಡುತ್ತಾ ಕೂತೆ. ಸಾತಪುರದ ಅಂಗಡಿಯಲ್ಲಿ ಗಡಿಯಾರದ ಮಾಡ್ಯೂಲ್ ಸಿಕ್ಕಿತು. ಎರಡು ಬೆರಳಗಲದ ಹಲಗೆ, ಮೇಲೆ ಒಂದು ಎಲೆಕ್ಟ್ರಾನಿಕ್ ಚಿಪ್, ಬೆನ್ನಿನಲ್ಲಿ ನಾಣ್ಯದಂಥ ಸೆಲ್ಲಿಗೆ ಗೂಡು. ಎರಡು ಕೊಂಡೆ. ಒಂದು ಕೆಟ್ಟರೆ ಇನ್ನೊಂದಿರಲಿ.

ಮನೆಯ ಹಿತ್ತಿಲ ಕೋಣೆಯಲ್ಲಿ ನನ್ನ ಕೆಲಸದ ಮೇಜು ಇದೆ. ಒದ್ದೆ ಬಟ್ಟೆಯಿಂದ ಒರೆಸಿ, ಬೆಸುಗೆ ಕಡ್ಡಿ ಕಾಯಿಸಿದೆ. ಈ ಅಗ್ಗದ ಮಾಡ್ಯೂಲುಗಳಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಒಂದು ದಾರಿ ಇಟ್ಟಿರುತ್ತಾರೆ. ನಾವು ಹಾಕುವ ಸೆಲ್ಲು ಚಾರ್ಜ್ ತೆಗೆದುಕೊಳ್ಳುವ ಜಾತಿಯದಲ್ಲ. ಕಾಲಕ್ರಮದಲ್ಲಿ ಉಬ್ಬಿ ಒಡೆಯಬಹುದು. ಆ ದಾರಿಯಲ್ಲಿ ಕೂತ ಎಳ್ಳಿನಷ್ಟು ದೊಡ್ಡ ರೆಸಿಸ್ಟರನ್ನು ಭೂತಗನ್ನಡಿ ಹಿಡಿದು ಕಿತ್ತು ತೆಗೆದೆ. ರಾಳದ ಹೊಗೆ ಎದ್ದಿತು. ನಿವೃತ್ತಿಯ ಬಳಿಕ ಅಷ್ಟು ಚೆನ್ನಾಗಿ ನಿದ್ದೆ ಬಂದದ್ದು ಆ ರಾತ್ರಿಯೇ.

ಸೆಲ್ ಹಾಕಿ ಪರೀಕ್ಷಿಸಿ, ಹೊರಡುವಾಗ ಮತ್ತೆ ತೆಗೆದು ಬೇರೆ ಪೊಟ್ಟಣದಲ್ಲಿಟ್ಟೆ. ಉಪಕರಣ ಊರಿಂದ ಊರಿಗೆ ಹೋಗುವಾಗ ಸೆಲ್ ಒಳಗಿರಕೂಡದು ಎಂಬುದು ಕಾರ್ಖಾನೆಯ ಪಾಠ. ಹಾಗಾಗಿ ವೇಳೆ ಕೂರಿಸುವ ಕೆಲಸ ಸೈಟಿನಲ್ಲೇ ಆಗಬೇಕಿತ್ತು.

ಸೋಮವಾರ ಪೆಟ್ಟಿಗೆ ಬಿಚ್ಚಿದೆ. ಮಳೆ ತಗಡಿನ ಮೇಲೆ ಹುರಿಗಡಲೆ ಚೆಲ್ಲಿದಂತೆ ಸುರಿಯುತ್ತಿತ್ತು. ಬೋರ್ಡಿನ ಅಂಚಿನಲ್ಲಿ ಎರಡು ಸಾಲು ಪಿನ್ನುಗಳಿದ್ದವು. ನಾಲ್ಕೇ ತಂತಿ: ಒಂದು ವಿದ್ಯುತ್ತಿಗೆ, ಒಂದು ಅರ್ತಿಂಗಿಗೆ, ಎರಡು ಗಡಿಯಾರ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವುದಕ್ಕೆ. ಸಿಕ್ಕಿಸಿದೆ, ಎಳೆದು ನೋಡಿದೆ. ಡಾಕ್ಟರರ ಮಾನಿಟರ್ ಮತ್ತು ಕೀಬೋರ್ಡ್ ಜೋಡಿಸಿ, ಆ ಎರಡು ತಂತಿಗಳ ಮೇಲೆ ಯಾರಿದ್ದಾರೆ ಎಂದು ಕೇಳುವ ಆಜ್ಞೆ ಕೊಟ್ಟೆ. ಖಾಲಿ ಗೆರೆಗಳ ನಡುವೆ ಅರವತ್ತೆಂಟು ಎಂಬ ಅಂಕಿ ಮೂಡಿತು. ಅದು ಆ ಚಿಪ್ಪಿನ ಮನೆ ನಂಬರು. ಮನೆಯಲ್ಲಿ ಜನ ಇದ್ದಾರೆ ಎಂದಾಯಿತು.

ಬಾಗಿಲಲ್ಲಿ ಕೂಸು ಸೊಂಟಕ್ಕೇರಿಸಿ ನಿಂತಿದ್ದ ರೇಣುಕಾ ನೋಡುತ್ತಿದ್ದಳು. ಶಹಾಪುರದ ಕಡೆಯವಳು. ಇಟ್ಟಿಗೆ ಹೊರುತ್ತಾಳೆ, ಬಾಯಿ ಮಾತ್ರ ಎಂದೂ ದಣಿಯುವುದಿಲ್ಲ. "ಅಕ್ಕಾರ, ಕೂಸಿಗೆ ಜ್ವರ ಬಂದ್ರ ಔಷಧ ಹಾಕ್ತೀರಿ. ಫ್ರಿಜ್ಜಿಗೆ ಜ್ವರ ಬಂದ್ರ ಏನ್ ಹಾಕ್ತೀರಿ?"

"ಗಡಿಯಾರ."

"ಹಾಂ! ಹಂಗಾದ್ರ ನಮ್ಮ ಕಡಿಂದ ಕೆಲಸ ಮಾಡಸೋ ಮುಕಾದಮಗೂ ಒಂದು ಹಾಕ್ರಿ. ಊಟದ ಬಿಡುವು ಎಷ್ಟಂತ ಅವಗ ತಿಳಿವಲ್ದು."

ಮುಂದಿನದು ಬೋರ್ಡಿಗೆ ಬುದ್ಧಿ ಹೇಳುವ ಕೆಲಸ. ನಿನಗೆ ಈಗ ಸ್ವಂತ ಗಡಿಯಾರವಿದೆ, ಎದ್ದಾಗ ಅದನ್ನು ಕೇಳು ಎಂದು ಅದರ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದೆ. ಹಳೆಯ ವೇಳೆ ಗುರುತಿಟ್ಟುಕೊಳ್ಳುವ ನಕಲಿ ಗಡಿಯಾರದ ಪ್ರೋಗ್ರಾಮನ್ನು ಕಿತ್ತೊಗೆದೆ. ಒಂದು ಮನೆಗೆ ಇಬ್ಬರು ಯಜಮಾನರು ಬೇಡ. ಇದನ್ನೆಲ್ಲ ಮಾಡಿದ್ದು ಬೋರ್ಡಿನ ಪ್ರೋಗ್ರಾಮೆಲ್ಲ ಇರುವ ಮೆಮರಿ ಕಾರ್ಡಿನ ಹೊಸ ಪ್ರತಿಯ ಮೇಲೆ, ಹಳೆಯ ಕಾರ್ಡನ್ನು ಮುಟ್ಟದೆ ತೆಗೆದಿಟ್ಟೆ. ಕಡೆಗೆ ಉಳಿದದ್ದು ವೇಳೆ ಕೂರಿಸಿ ಗಡಿಯಾರಕ್ಕೆ ಬರೆಸುವುದು. ಅದನ್ನು ಮಹಾದೇವಿಗೆ ಬಿಟ್ಟೆ. ಉಪಕರಣ ಯಾರ ಕೈಯಲ್ಲಿ ದುಡಿಯುತ್ತದೋ ಕೊನೆಯ ಹೊಂದಾಣಿಕೆ ಅವರ ಕೈಯಿಂದ ಆಗಬೇಕು. ಎರಡು ಆಜ್ಞೆ ಕಲಿಸಿಕೊಟ್ಟೆ. ಅಷ್ಟರಲ್ಲಿ ಡಾಕ್ಟರು ಮಾತು ತಿರುಗಿಸಲು ಕರೆದರು, ಹೋದೆ. ಬಂದಾಗ ಮಹಾದೇವಿ ಮುಖವರಳಿಸಿ ನಿಂತಿದ್ದಳು. "ಆಯ್ತ್ರಿ. ಆರಿಸಿ, ಹಚ್ಚಿ ನೋಡಿದೆ. ನಡದದ."

ಮರುದಿನ ಬೆಳಗ್ಗೆ ನನ್ನ ಕೈಗಡಿಯಾರದ ಜೊತೆ ತಾಳೆ ನೋಡಿದೆ. ಯಂತ್ರ ಅರ್ಧ ಗಂಟೆಯಷ್ಟು ಮುಂದಿತ್ತು.

ಒಂದು ರಾತ್ರಿಯಲ್ಲಿ ಈ ಚಿಪ್ ಅಷ್ಟು ಓಡಲಾರದು. ತಂತಿ ಬದಲಿಸಿದೆ. ಸೆಲ್ಲನ್ನು ಮೀಟರಿಗೆ ಹಿಡಿದೆ. ಎರಡನೇ ಮಾಡ್ಯೂಲ್ ಹಾಕಿ, ಮಹಾದೇವಿಯಿಂದಲೇ ಮತ್ತೆ ವೇಳೆ ಕೂರಿಸಿದೆ. ಅದೂ ಅಷ್ಟೇ ಮುಂದು. ಗಡಿಯಾರ ತನ್ನೊಳಗೆ ಇಂಗ್ಲೆಂಡಿನ ವೇಳೆ ಇಟ್ಟುಕೊಂಡು, ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ ಎಂದು ಅಮೇಯ ಹೇಳಿದ್ದ. ಆ ಅರ್ಧದಲ್ಲೇ ಏನೋ ಎಡವಟ್ಟು ಎಂದುಕೊಂಡು ಇಡೀ ದಿನ ಅದರ ಬೆನ್ನು ಹತ್ತಿದೆ. ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿಯಿತು, ಕಾರಣ ಸಿಗಲಿಲ್ಲ. ಡಾಕ್ಟರು "ಸಾಕು ಸುಮಿತ್ರಾಬಾಯಿ, ಯಂತ್ರ ತೆಗೆದೇ ಬಿಡೋಣ," ಎಂದರು. ಸಾಕು ಎನ್ನುವ ಮಾತನ್ನು ನಾನು ಕೆಲಸ ಮುಗಿದ ಮೇಲೆ ಮಾತ್ರ ಕೇಳುವುದು.

ರೇಣುಕಾ ಕೂಸಿನ ಕೆಮ್ಮಿಗೆ ಔಷಧ ಒಯ್ಯಲು ಬಂದಳು. "ಇನ್ನೂ ಫ್ರಿಜ್ಜಿಗೆ ಆರಾಮ ಆಗಿಲ್ಲೇನ್ರಿ?"

"ಅರ್ಧ ತಾಸು ಮುಂದ ಓಡಾಕತ್ತದ."

"ಹಂಗಾದ್ರ ಅದು ಮಾದೇವಕ್ಕನ ಗಡಿಯಾರ ನೋಡ್ಯದ ಬಿಡ್ರಿ," ಎಂದು ಗೋಡೆಯತ್ತ ಗದ್ದ ಎತ್ತಿದಳು. "ಅದರಾಗ ಹತ್ತಾದ್ರ ನಮಗ ಒಂಬತ್ತೂವರಿ."

ಗೋಡೆ ಗಡಿಯಾರ ನೋಡಿದೆ. ಕೈಗಡಿಯಾರ ನೋಡಿದೆ. ಮಹಾದೇವಿಯನ್ನು ನೋಡಿದೆ.

ಆಕೆಗೆ ಒಂದಿಷ್ಟೂ ಅಳುಕಿರಲಿಲ್ಲ. "ಹೌದ್ರಿ, ನಾನ ಮುಂದ ಇಟ್ಟೀನಿ. ಇಲ್ಲಂದ್ರ ಈ ಹೆಂಗಸ್ರು ವೇಳ್ಯಾಕ್ಕ ಎಲ್ಲಿ ಬರ್ತಾರ? ಡಾಕ್ಟರ್ ಬಾಯಾರು ಹೋದ ಮ್ಯಾಲ ಬಂದು ನಿಂದರ್ತಾರ. ಮತ್ತ ನಮ್ಮ ಕಾಗದ ಎಲ್ಲಾ ಈ ಗಡಿಯಾರ ನೋಡೇ ಬರದದ್ದು. ಮಷಿನ್ನಿಗೂ ಅದ ಇರಬೇಕಲ್ರಿ? ಎರಡೂ ಹೊಂದಬೇಕಂತ ಸಾಹೇಬರು ಹೇಳ್ಯಾರ."

ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ನಕ್ಕದ್ದು ರೇಣುಕಾ. "ಮೊದಲ ಹತ್ತು ನಿಮಿಷ ಮುಂದ ಇತ್ತು. ನಾವು ಹತ್ತು ಕಳದು ಬರ್ತಿದ್ವಿ. ಅಕ್ಕ ಮತ್ತ ಮುಂದ ಮಾಡಿದ್ಲು, ನಾವು ಮತ್ತ ಕಳದ್ವಿ. ಇಡೀ ಸೈಟಿಗೆ ಗೊತ್ತದ. ಇನ್ನೊಂದು ವರ್ಷಕ್ಕ ಅದು ನಾಳಿನ ವೇಳ್ಯಾ ತೋರಸ್ತದ!"

ಮಹಾದೇವಿಯ ಮುಖ ಕೆಂಪಾಯಿತು. ಇಷ್ಟು ವರ್ಷ ತಾನು ಹೆಂಗಸರನ್ನು ಹಾದಿಗೆ ತಂದಿದ್ದೇನೆ ಎಂದು ಆಕೆ ನಂಬಿದ್ದಳು.

ರೇಣುಕಾ ಹೋದ ಮೇಲೆ ಆಕೆಯನ್ನು ಕೂರಿಸಿಕೊಂಡು ಹೇಳಿದೆ. "ನೋಡು, ಯಂತ್ರದ ವೇಳ್ಯಾ ಜನರನ್ನ ಕರಿಯೂದಕ್ಕಲ್ಲ. ಸಾಕ್ಷಿಗೆ. ಲೈಟ್ ಹ್ವಾದದ್ದು ಯಾವಾಗ, ಬಂದದ್ದು ಯಾವಾಗ ಅಂತ ಸಾಹೇಬರು ಎಲ್ಲಿ ಬೇಕಾದಲ್ಲಿ ಕೇಳಬಹುದು. ಕರೆಂಟ್ ಆಫೀಸಿನ ವೇಳ್ಯಾ, ಅವರ ಫೋನಿನ ವೇಳ್ಯಾ, ನಿನ್ನ ಕಾಗದದ ವೇಳ್ಯಾ ಒಂದ ಇರಬೇಕು. ಅರ್ಧ ತಾಸು ಅತ್ತಿತ್ತ ಆದ್ರ ನೀ ಖರೇ ಹೇಳಿದ್ದೂ ಸುಳ್ಳು ಕಾಣ್ತದ."

ಆಕೆ ಸೆರಗಿನ ತುದಿ ಸುತ್ತುತ್ತಾ ಯೋಚಿಸಿದಳು. "ಹಂಗಾದ್ರ ಗ್ವಾಡಿ ಗಡಿಯಾರನೂ ಹಿಂದ ಮಾಡಬೇಕು."

"ಹೌದು."

"ಹೆಂಗಸ್ರು ಬರದಿದ್ರ?"

ಆಕೆಯೇ ಸ್ಟೂಲ್ ಹಾಕಿಕೊಂಡು ಹತ್ತಿ ಗಡಿಯಾರ ಇಳಿಸಿದಳು, ನನ್ನ ಕೈಗಡಿಯಾರ ನೋಡಿ ಮುಳ್ಳು ತಿರುಗಿಸಿದಳು. ಆ ಮೇಲೆ ಕೀಬೋರ್ಡಿನ ಮುಂದೆ ಕೂತು ಯಂತ್ರಕ್ಕೂ ಅದೇ ವೇಳೆ ಬರೆಸಿದಳು. ಆರಿಸಿ, ರೊಟ್ಟಿ ತಿಂದು, ಹಚ್ಚಿ ನೋಡಿದೆವು. ಮೂರೂ ಒಂದೇ ತೋರಿಸಿದವು.

ಮುಂದಿನ ಲಸಿಕೆ ದಿನ ಹೆಂಗಸರೆಲ್ಲ ಅರ್ಧ ಗಂಟೆ ತಡವಾಗಿ ಬಂದರು. ಅವರು ಎಂದಿನಂತೆ ಗೋಡೆ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದಿದ್ದರು. ಡಾಕ್ಟರು ಖಾಲಿ ಬೆಂಚು ನೋಡುತ್ತಾ ಕೂತರು. ಮಹಾದೇವಿ ನನ್ನ ಕಡೆ ತಿರುಗಿ, "ಸಿಕ್ತಲ್ರಿ ನಿಮ್ಮ ಖರೇ ವೇಳ್ಯಾ," ಎಂದಳು. ಸಂಜೆ ಸ್ಟೀಲ್ ತಟ್ಟೆ, ಸೌಟು ತೆಗೆದುಕೊಂಡು ಶೆಡ್ಡು ಶೆಡ್ಡಿಗೆ ಹೋದಳು. ತಟ್ಟೆ ಬಡಿದು, "ಕೇಳ್ರಬೇ, ಇವತ್ತಿಂದ ನನ್ನ ಗಡಿಯಾರ ಸರಿ ಅದ. ನಾ ಕೂಡಸಂಗಿಲ್ಲ, ನೀವು ಕಳೀಬ್ಯಾಡ್ರಿ. ತಡಾ ಮಾಡಿದವ್ರ ಕೂಸಿಗೆ ನಾನೂ ತಡಾ ಮಾಡೇ ಚುಚ್ಚೋದು!" ಎಂದು ಕೂಗಿದಳು. ಒಳಗಿನಿಂದ ಯಾರೋ, "ಚುಚ್ಚೋದು ತಡ ಆದ್ರ ಕೂಸಿಗೆ ಖುಷಿನ ಬಿಡಕ್ಕ!" ಎಂದರು. ಎರಡು ಮೂರು ವಾರ ಜಗ್ಗಾಟ ನಡೆಯಿತು. ಗಣಪತಿ ಹೋಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಹೊತ್ತಿಗೆ ಬರುತ್ತಿದ್ದರು. ಉಳಿದವರು ಯಾವ ಗಡಿಯಾರಕ್ಕೂ ಬರುವವರಲ್ಲ.

ಡಾಕ್ಟರು ಬಗ್ಗಿ ನೋಡುವುದು ಮಾತ್ರ ನಿಂತಿರಲಿಲ್ಲ. ಯಂತ್ರ ಯಾಕೆ ತಪ್ಪಿತ್ತು ಎಂದು ನಾನು ವಿವರಿಸಿದ್ದೆ, ಅವರು ಒಪ್ಪಿಯೂ ಇದ್ದರು. ಆದರೆ ಪುಸ್ತಕದಲ್ಲಿ ಸಾಹೇಬರ ಸಾಲು ಇತ್ತು. ಅನುಮತಿ ಡಾಕ್ಟರರ ಹೆಸರಿನಲ್ಲಿತ್ತು.

ಸಾಹೇಬರು ಬಂದದ್ದು ನವರಾತ್ರಿಯ ಹಿಂದಿನ ವಾರ, ಹೇಳದೆ. ಅದೂ ಲಸಿಕೆ ದಿನವೇ. ಹಿತ್ತಲ ಬೆಂಚು ತುಂಬಿತ್ತು. ಮಹಾದೇವಿಯ ಹಾಳೆಯನ್ನೂ, ಅಮೇಯ ಹೇಳಿಕೊಟ್ಟಂತೆ ನಾನು ಯಂತ್ರದಿಂದ ತೆಗೆದಿಟ್ಟ ಹಾಳೆಯನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡಿದರು. ಎರಡು ದಿನದ ಹಿಂದೆ ಗುಡುಗು ಮಳೆಗೆ ಬಹಳ ಹೊತ್ತು ಲೈಟ್ ಹೋಗಿತ್ತು. ಯಂತ್ರದ ಹಾಳೆಯಲ್ಲಿ ಅಲ್ಲಿ ದೊಡ್ಡ ಖಾಲಿ ಇತ್ತು.

"ಇದೇನು, ಇಲ್ಲಿ ಏನೂ ಇಲ್ಲ?"

"ಆಗ ಲೈಟ್ ಇರಲಿಲ್ಲ. ಯಂತ್ರ ಆರಿತ್ತು. ಮಹಾದೇವಿಯ ಹಾಳೆ ನೋಡಿ," ಎಂದೆ.

ಆಕೆಯ ಹಾಳೆಯಲ್ಲಿ 'ಲೈಟ್ ಹೋಯಿತು, ಲಸಿಕೆ ಬರ್ಫಿನ ಡಬ್ಬಿಗೆ' ಎಂದೂ, ಡಬ್ಬಿಯ ಡಿಗ್ರಿ ಎಷ್ಟೆಂದೂ, ಲೈಟ್ ಬಂದು ಫ್ರಿಜ್ಜು ತಣ್ಣಗಾದ ಮೇಲೆ ಮರಳಿ ಇಟ್ಟದ್ದೂ ಇತ್ತು. ಯಂತ್ರ ಖಾಲಿ ಬಿಟ್ಟಲ್ಲಿ ಆಕೆಯ ಕೈಬರಹ ಸರಿಯಾಗಿ ಕೂತಿತ್ತು.

"ಹೋದ ಸಲ ಖಾಲಿಯೇ ಇರಲಿಲ್ಲವಲ್ಲ."

"ಹೋದ ಸಲ ಅದಕ್ಕೆ ಗಡಿಯಾರ ಇರಲಿಲ್ಲ. ಕೂತುಕೊಳ್ಳಿ, ತೋರಿಸುತ್ತೇನೆ."

ಲಸಿಕೆಯನ್ನು ಡಬ್ಬಿಗೆ ಸ್ಥಳಾಂತರಿಸಿಕೊಂಡು ಮಹಾದೇವಿ ಅಲ್ಲಿಂದಲೇ ಕೂಸುಗಳಿಗೆ ಹಾಕತೊಡಗಿದಳು. ನಾನು ಗಡಿಯಾರದ ಮಾಡ್ಯೂಲ್ ಬಿಚ್ಚಿ, ತೆಗೆದಿಟ್ಟ ಹಳೆಯ ಕಾರ್ಡ್ ಹಾಕಿ, ವೇಳೆ ಸರಿಮಾಡಿ, ಸ್ವಿಚ್ ಆರಿಸಲು ಸಾಹೇಬರಿಗೇ ಹೇಳಿದೆ. ಅವರು ಆರಿಸಿದರು. ಚಹಾ ಕುಡಿದರು, ಎರಡು ಫೋನ್ ಮಾಡಿದರು, ಸೈಟಿನ ಸುತ್ತ ಒಂದು ಸುತ್ತು ಹಾಕಿ ಬಂದರು. ಹಚ್ಚಿದಾಗ ಯಂತ್ರ ಚಹಾದ ಮುಂಚಿನ ವೇಳೆಯನ್ನೇ ತೋರಿಸಿತು. ನಂತರ ಹೊಸ ಕಾರ್ಡ್, ನಾಲ್ಕು ತಂತಿ. ಮತ್ತೆ ಆರಿಸಿ, ಈ ಸಲ ಊಟ ಮುಗಿಸಿ ಹಚ್ಚಿದರು. ಯಂತ್ರ ಎದ್ದು ಅವರ ಫೋನಿನಲ್ಲಿದ್ದ ವೇಳೆಯನ್ನೇ ತೋರಿಸಿತು.

ಸಾಹೇಬರು ಫೋನನ್ನು ಪರದೆಯ ಪಕ್ಕ ಹಿಡಿದು ತಾಳೆ ನೋಡಿದರು. "ಸರಿ. ಲಸಿಕೆ ಇಲ್ಲೇ ಇರಲಿ," ಎಂದರು. ಭೇಟಿಯ ಪುಸ್ತಕದಲ್ಲಿ ಅಷ್ಟನ್ನು ಬರೆದು ಪೆನ್ನಿಗೆ ಮುಚ್ಚಳ ಹಾಕಿದರು.

"ಇನ್ನೊಂದು ಬಾಕಿ ಇದೆ, ಸಾಹೇಬರೇ," ಎಂದೆ. "ಹೋದ ಸಲದ ಸಾಲು."

"ಆದದ್ದು ಆಯಿತು. ಇನ್ನು ಮುಂದೆ ಸರಿ ಇದೆಯಲ್ಲ."

"ಮುಂದಿನದು ಯಂತ್ರದ್ದು. ಹಿಂದಿನದು ಈಕೆಯದು."

"ಬರೆದದ್ದನ್ನು ನಾನು ಹೊಡೆದು ಹಾಕುವ ಹಾಗಿಲ್ಲ, ಬಾಯಿ."

"ಹೊಡೆಯಬೇಡಿ. ನಮ್ಮ ಕಾರ್ಖಾನೆಯಲ್ಲೂ ಬರೆದದ್ದನ್ನು ಯಾರೂ ಹೊಡೆಯುತ್ತಿರಲಿಲ್ಲ. ತಪ್ಪಿದ್ದರೆ ಕೆಳಗೆ ಇನ್ನೊಂದು ಸಾಲು ಬರೆದು ಸಹಿ ಮಾಡುತ್ತಿದ್ದೆವು. ದೊಡ್ಡ ಸಾಹೇಬರು ಕೂಡ."

ಅವರು ಗಡಿಯಾರ ನೋಡಿಕೊಂಡರು, ಜೀಪಿನತ್ತ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ದಾರಿ ಬಿಡುವ ಅವಸರ ನನಗಿರಲಿಲ್ಲ. ನಲಿನಿ ಡಾಕ್ಟರು ಎದ್ದು, ಪುಸ್ತಕದ ಹಳೆಯ ಪುಟ ತಾವೇ ತೆರೆದು ಅವರ ಮುಂದಿಟ್ಟರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. 'ಯಂತ್ರದ ವೇಳೆ ತಪ್ಪಿತ್ತು. ನರ್ಸ್ ಬರೆದದ್ದು ಸರಿ' ಎಂದು ಬರೆದು, ಸಹಿ ಹಾಕಿ, ಮಹಾದೇವಿ ಓದಲೆಂದು ಪುಸ್ತಕವನ್ನು ಆಕೆಯ ಕಡೆ ತಿರುಗಿಸಿದರು. ಆಕೆಯ ಎರಡೂ ಕೈ ಒಂದು ಕೂಸಿನ ತೊಡೆಯ ಮೇಲಿದ್ದವು. "ಆಮ್ಯಾಲ ನೋಡ್ತೀನ್ರಿ ಸಾಹೇಬ್ರ," ಎಂದು ಸೂಜಿ ಇಳಿಸಿದಳು. ಕೂಸು ಕಿರುಚಿತು.

ಹೆಂಗಸರ ಸಾಲು ಕರಗುವ ಹೊತ್ತಿಗೆ ಸಂಜೆಯಾಗಿತ್ತು. ಕೊನೆಯವಳು ರೇಣುಕಾ. ಅವಳ ಕೂಸಿನ ಕಾಲು ನಾನು ಹಿಡಿದೆ, ಒದೆತ ತಿಂದೆ. ಉಳಿದ ಲಸಿಕೆ ಫ್ರಿಜ್ಜಿಗೆ ಮರಳಿತು. ನಾನು ಯಂತ್ರದ ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಗಿದೆ. ಡಾಕ್ಟರು ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಹೊಸ್ತಿಲಾಚೆ ಛತ್ರಿ ಬಿಚ್ಚುತ್ತಿದ್ದರು.

ಅಲ್ಲಿಂದಲೇ ಕೇಳಿದರು. "ಮಹಾದೇವಿ, ಎಷ್ಟಿದೆ?"

ಆಕೆ ಫ್ರಿಜ್ಜಿನ ಬಾಗಿಲು ತೆರೆದು, ನೋಡಿ, ಮುಚ್ಚಿದಳು. "ನಾಲ್ಕು, ಬಾಯಿ."

"ಹೂಂ," ಎಂದರು ಡಾಕ್ಟರು, ಛತ್ರಿ ಹಿಡಿದು ಮಳೆಯಲ್ಲಿ ಸ್ಕೂಟರಿನ ಕಡೆ ನಡೆದರು.

ಸ್ಕೂಟರ್ ಸದ್ದು ಗೇಟು ದಾಟಿತು. ಆ ಮೇಲೆ ಮಹಾದೇವಿ ಕೂತು, ಸಂಜೆಯ ಸಾಲಿನಲ್ಲಿ ನಾಲ್ಕು ಎಂದು ಬರೆದಳು.